ಹಕ್ಕಳೆ ಉದುರುವ ತನಕ

ಚನ್ನಗಿರಿಯ ಅಡಿಕೆ ವ್ಯಾಪಾರಿ ಬೆನಕಪ್ಪನ ಮನೆಯವರು ಸಾವಂತ್ರಮ್ಮನಿಗೆ ಇಪ್ಪತ್ತೊಂದು ದಿನದ ಕೂಲಿ ಕೊಡಬೇಕು, ಜೊತೆಗೊಂದು ಸೀರೆ. ಹೋದ ವರ್ಷದ ಬಾಕಿ ಅದು. ಕೇಳಿದರೆ ಯಾವ ಬಾಕಿ ಅಂತ ಅವರೇ ತಿರುಗಿ ಕೇಳುತ್ತಾರೆ. ಕೂಸಿಗೆ ನೀರು ಎರೆಯುವವಳ ಕೂಲಿಗೆ ಚೀಟಿಯಿಲ್ಲ, ಸಾಕ್ಷಿಯಿಲ್ಲ. ಬಾಣಂತನ ಮುಗಿದ ದಿನ ಅಕ್ಕಿ, ಬೆಲ್ಲ, ಸೀರೆ, ದುಡ್ಡು ಎಲ್ಲ ಒಟ್ಟಿಗೆ ಮಡಿಲಿಗೆ ಹಾಕಿ ಕಳಿಸುವುದು ರೂಢಿ. ನಡುವೆ ಬಿಡಿಸಿಬಿಟ್ಟರೆ ಮಡಿಲು ಖಾಲಿ.

ಸಾವಂತ್ರಮ್ಮನಿಗೆ ಈಗ ಐವತ್ತಾರು. ಗಂಡ ತೀರಿಕೊಂಡ ವರ್ಷದಿಂದ ಚನ್ನಗಿರಿಯಲ್ಲಿ ಕೂಸುಗಳಿಗೆ ಎರೆಯುತ್ತಾ ಬಂದಿದ್ದಾಳೆ. ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತು, ಎರಡೂ ಕಾಲು ಉದ್ದಕ್ಕೆ ಚಾಚಿ, ಕಾಲ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡಳು ಅಂದರೆ ಮುಗಿಯಿತು, ಎಂಥ ರಂಪ ಮಾಡುವ ಕೂಸೂ ಎರಡನೇ ಚೊಂಬಿಗೆ ಸುಮ್ಮನಾಗುತ್ತಿತ್ತು. ಹರಳೆಣ್ಣೆ ತಿಕ್ಕಿ, ಕೈಕಾಲು ನೀವಿ, ಮೂಗು ತೀಡಿ, ಕಡೆಗೆ ಕೂಸಿನ ಮುಖಕ್ಕೆ ತನ್ನ ಮುಖ ತಂದು ಎರಡು ಕಿವಿಗೂ ಮೂಗಿಗೂ ಉಫ್ ಅಂತ ಊದುವುದು. ನೀರು ನಿಲ್ಲಬಾರದು ಅಂತ. ಊದಿದ ಮೇಲೆ ತನ್ನ ಮೂಗನ್ನು ಕೂಸಿನ ಮೂಗಿಗೆ ಒಂದು ಸಲ ಉಜ್ಜಿ ಎತ್ತಿಕೊಡುತ್ತಿದ್ದಳು. ಅದು ಅವಳ ಮುದ್ರೆ. ಅವಳ ಅವ್ವನಿಂದ ಬಂದದ್ದು, ಅವ್ವನಿಗೆ ಅವಳ ಅವ್ವನಿಂದ.

ಮೂಗಿನದೇ ತಕರಾರು ಬಂತು.

ಹದಿನಾಲ್ಕನೇ ವಯಸ್ಸಿನಿಂದ ಅವಳ ಬಲಹೊಳ್ಳೆಯ ಅಂಚಿನಲ್ಲಿ ವರ್ಷಕ್ಕೆ ಎರಡು ಮೂರು ಸಲ ಗುಳ್ಳೆ ಏಳುತ್ತಿತ್ತು. ಬಿಸಿಲು ಬಿದ್ದರೆ, ಜ್ವರ ಬಂದರೆ, ನಾಲ್ಕು ದಿನ ನಿದ್ದೆಗೆಟ್ಟರೆ ಬಂತು ಅಂತಲೇ ಲೆಕ್ಕ. ಮೊದಲು ಅಲ್ಲಿ ಇರುವೆ ಹರಿದಂಗೆ ಚುಮುಚುಮು. ಮಾರನೇ ದಿನ ಕೆಂಪಗೆ ಊದಿ ರಾಗಿಕಾಳಿನಂಥ ಗುಳ್ಳೆಗಳು ಒಂದರ ಪಕ್ಕ ಒಂದು. ಆಮೇಲೆ ಒಡೆದು ನೀರು, ನೀರು ಒಣಗಿ ಹಳದಿ ಹಕ್ಕಳೆ, ಹತ್ತು ದಿನಕ್ಕೆ ಹಕ್ಕಳೆ ಉದುರಿ ಸಾಫ್. ಪ್ರತಿಸಲವೂ ಅದೇ ಜಾಗ, ಅದೇ ಕ್ರಮ. ಕೇರಿಯವರು ಹಲ್ಲಿ ಉಚ್ಚೆ ಹೊಯ್ದೈತೆ ಅಂದರು. ಇನ್ನು ಕೆಲವರು ಜ್ವರ ಹೊರಗೆ ಬಿತ್ತು, ಒಳ್ಳೇದಾಯ್ತು ಬಿಡು ಅಂದರು. ಸಾವಂತ್ರಮ್ಮ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಮೆತ್ತುತ್ತಿದ್ದಳು. ಸುಣ್ಣ ಚರ್ಮ ಸುಟ್ಟು ಗಾಯವನ್ನು ಇನ್ನಷ್ಟು ಅಗಲ ಮಾಡುತ್ತಿತ್ತು. ಹಕ್ಕಳೆ ಕಟ್ಟಿದರೆ ಉಗುರಿನಿಂದ ಕೀಳುವ ಚಟ ಬೇರೆ. ಹೊಳ್ಳೆಯ ಪಕ್ಕ ಕಪ್ಪು ಕಲೆ ನಿಂತೇಬಿಟ್ಟಿತು. ಮೂಗುಬೊಟ್ಟು ಅಡವಿಟ್ಟು ಮುಳುಗಿಹೋದ ಮೇಲೆ ಅಕ್ಕಪಕ್ಕದ ಹೆಂಗಸರು, ‘ನಿಂಗೇನವ್ವಾ, ದೇವರೇ ಪುಕ್ಸಟ್ಟೆ ಮೂಗುಬೊಟ್ಟು ಇಟ್ಟವ್ನೆ’ ಅಂತ ಕಿಚಾಯಿಸುತ್ತಿದ್ದರು.

ಮೊದಲು ಬಾಯಿ ಬಿಟ್ಟು ಹೇಳಿದವಳು ಆಸ್ಪತ್ರೆಯ ಸಿಸ್ಟರ್ ಶಾಂತಲಾ. ಬಿ.ಪಿ. ತೋರಿಸಲು ಹೋಗಿದ್ದಾಗ ಅವಳ ಮೂಗು ನೋಡಿ, ‘ಏನ್ರೀ ಹಚ್ಚೀರಿ ಇದಕ್ಕೆ?’ ಅಂದಳು.

‘ಸುಣ್ಣ.’

‘ಗೋಡೆಗೆ ಹಚ್ರಿ ಅದನ್ನ. ಇದು ಹಲ್ಲೀದೂ ಅಲ್ಲ, ಜೇಡಂದೂ ಅಲ್ಲ. ಹರ್ಪಿಸ್ ಅಂತ ವೈರಸ್ಸು. ಒಂದ್ಸಲ ಮೈಯಾಗೆ ಹೊಕ್ಕರೆ ಹೋಗಲ್ಲ, ನರದ ಬುಡದಾಗೆ ಮಲಗಿರ್ತೈತೆ. ಬಿಸಿಲು, ಜ್ವರ, ಸುಸ್ತು ಸಿಕ್ಕಾಗ ಎದ್ದು ಬರ್ತೈತೆ.’

‘ನಲವತ್ತು ವರ್ಷ ಯಾರೂ ಹೇಳಲಿಲ್ಲ ನಂಗೆ.’

‘ನಾನು ಹೇಳ್ತಿದೀನಲ್ಲ. ಚುಮುಚುಮು ಅಂದ ಕೂಡಲೇ ಡಾಕ್ಟ್ರು ಬರೆದ ಮುಲಾಮು ಹಚ್ರಿ, ಗುಳ್ಳೆ ಒಡೆದ ಮೇಲಲ್ಲ. ಕೀಳಬ್ಯಾಡ್ರಿ. ಮುಟ್ಟಿದ ಕೈ ಸೋಪು ಹಾಕಿ ತೊಳೀರಿ, ಆ ಕೈ ಕಣ್ಣಿಗೆ ಒಯ್ಯಬ್ಯಾಡ್ರಿ. ಕಣ್ಣು ಕೆಂಪಾದ್ರೆ ಅವತ್ತೇ ಬರ್ರಿ. ಟವೆಲ್ಲು ಬ್ಯಾರೆ ಇಟ್ಕೊಳ್ರಿ. ಬಿಸಿಲಿಗೆ ಹೋಗೋವಾಗ ಸೆರಗು ಮುಖದ ಮುಂದಕ್ಕಿರಲಿ.’ ಆಮೇಲೆ ದನಿ ತಗ್ಗಿಸಿ, ‘ನೀವು ಎರೆಯೋ ಸಾವಂತ್ರಮ್ಮ ಅಲ್ವಾ? ಗುಳ್ಳೆ ಎದ್ದಾಗ ಹಸಿಗೂಸಿನ ಹತ್ರ ಹೋಗಲೇಬ್ಯಾಡ್ರಿ. ನಮಗೆ ಇದು ಹತ್ತು ದಿನದ ಉರಿ. ತಿಂಗಳೊಳಗಿನ ಕೂಸಿಗೆ ಪ್ರಾಣಕ್ಕೇ ಬರ್ತೈತೆ’ ಅಂದಳು.

ಸಾವಂತ್ರಮ್ಮ ಆವತ್ತು ಮನೆಗೆ ಬಂದು ಉಣ್ಣಲಿಲ್ಲ. ತಾನು ಊದಿದ ಮೂಗುಗಳನ್ನು ಒಂದೊಂದಾಗಿ ನೆನೆಸಿಕೊಂಡಳು. ಎಲ್ಲ ಕೂಸುಗಳೂ ಬದುಕಿ ಬೆಳೆದಿದ್ದವು, ಅವಳಿಗೆ ಗೊತ್ತಿದ್ದ ಮಟ್ಟಿಗೆ. ಗೊತ್ತಿಲ್ಲದ್ದನ್ನು ಯಾರ ಹತ್ತಿರ ಕೇಳುವುದು?

ಅದಾದ ಮೂರು ತಿಂಗಳಿಗೆ ಬೆನಕಪ್ಪನ ಮೊಮ್ಮಗನಿಗೆ ಎರೆಯುತ್ತಿದ್ದಾಗ, ಇಪ್ಪತ್ತೆರಡನೇ ದಿನ ಬೆಳಿಗ್ಗೆ, ಹೊಳ್ಳೆಯ ಅಂಚಿನಲ್ಲಿ ಚುಮುಚುಮು ಅಂದಿತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಕೂಸನ್ನು ಮುಟ್ಟದೆ ನೇರ ಬೆನಕಪ್ಪನ ಹೆಂಡತಿ ಶಿವಗಂಗಮ್ಮನ ಹತ್ತಿರ ಹೋಗಿ, ‘ಅಮ್ಮಾರೇ, ಮೂಗಿಗೆ ಗುಳ್ಳೆ ಬರೋ ಹಂಗೈತೆ. ಕೂಸಿಗೆ ಒಳ್ಳೇದಲ್ಲಂತೆ. ಹತ್ತು ದಿನ ನನ್ನ ಹತ್ರ ಕೆಲಸ ಕಲಿತ ತಿಪ್ಪಮ್ಮನ್ನ ಕಳಿಸ್ತೀನಿ, ವಾಸಿಯಾದ ಮ್ಯಾಲೆ ನಾನು ಬರ್ತೀನಿ’ ಅಂದಳು.

‘ಇಷ್ಟು ದಿನ ರೋಗ ಇಟ್ಕೊಂಡೇ ನಮ್ಮ ಕೂಸು ಮುಟ್ಟಿದೆಯಾ?’

‘ಇವತ್ತು ಬಂದೈತೆ, ಇವತ್ತೇ ಹೇಳಿದೀನಿ.’

‘ಮತ್ತೆ ಬರಬ್ಯಾಡ’ ಅಂದಳು ಶಿವಗಂಗಮ್ಮ. ಅಷ್ಟೇ. ಸುದ್ದಿ ಬಜಾರಿನ ತುಂಬ ಓಡಾಡಿ ಇನ್ನೆರಡು ಮನೆಯ ಕೆಲಸವೂ ತಪ್ಪಿತು. ನಿಜ ಹೇಳಿದ್ದಕ್ಕೆ ಸಿಕ್ಕ ಸನ್ಮಾನ ಇದು.

ಇರಲಿ. ಕೂಲಿ ಹೋದದ್ದಕ್ಕೆ ಅವಳು ಅಳಲಿಲ್ಲ. ಅವಳ ಆಸೆಯೇ ಬೇರೆ ಕಡೆ ಇತ್ತು. ಮಗಳು ಸುನೀತಾಳನ್ನು ಹೊನ್ನಾಳಿಗೆ ಕೊಟ್ಟು ಒಂಬತ್ತು ವರ್ಷವಾಗಿತ್ತು, ಮಡಿಲು ತುಂಬಿರಲಿಲ್ಲ. ಸಾವಂತ್ರಮ್ಮ ತನ್ನ ಹಳೇ ಸೀರೆಗಳಲ್ಲಿ ಮೆತ್ತಗಾದವನ್ನು ಆರಿಸಿ, ಹರಿದು, ಒಗೆದು, ಟ್ರಂಕಿನಲ್ಲಿ ಮಡಿಸಿಟ್ಟಿದ್ದಳು. ಕೂಸು ಸುತ್ತುವ ಬಟ್ಟೆ. ಒಂಬತ್ತು ವರ್ಷವೂ ಯುಗಾದಿಗೊಮ್ಮೆ ತೆಗೆದು ಬಿಸಿಲಿಗೆ ಹಾಕಿ ಮತ್ತೆ ಮಡಿಸಿಡುತ್ತಿದ್ದಳು. ತನ್ನ ಕಾಲು ನೋಡಿಕೊಂಡು, ‘ಊರ ಕೂಸೆಲ್ಲ ಇದರ ಮ್ಯಾಲೆ ಮಲಗಿ ಎದ್ದು ಹೋದವು, ನಮ್ಮನೇದು ಒಂದು ಮಲಗಲಿಲ್ಲ’ ಅನ್ನುತ್ತಿದ್ದಳು. ಬೇರೇನೂ ಕೇಳಿದವಳಲ್ಲ.

ಈ ಏಪ್ರಿಲ್‌ನಲ್ಲಿ ಸುನೀತಾ ತವರಿಗೆ ಬಂದು ಹೆತ್ತಳು. ಹೆಣ್ಣುಕೂಸು. ಆಸ್ಪತ್ರೆಗೂ ಮನೆಗೂ ಉರಿಬಿಸಿಲಲ್ಲಿ ನಡೆದದ್ದು, ಬೆಂಚಿನ ಮೇಲೆ ಕೂತೇ ತೂಕಡಿಸಿದ್ದು, ಎಲ್ಲ ಸೇರಿ ಎರಡನೇ ದಿನ ಮಧ್ಯಾಹ್ನ, ವಾರ್ಡಿನಲ್ಲಿ ಬಾಣಂತಿಗೆ ಗಂಜಿ ಬಗ್ಗಿಸುವಾಗ, ಬಲಹೊಳ್ಳೆ ಚುಮುಚುಮು ಅಂದಿತು.

ಸಾವಂತ್ರಮ್ಮ ಗಂಜಿಯ ಪಾತ್ರೆ ಕೆಳಗಿಟ್ಟಳು. ಮೊದಲ ದಿನ ಕೂಸನ್ನು ಎತ್ತಿಕೊಂಡಿದ್ದಳು, ಮುಖಕ್ಕೆ ಮುಖ ತಾಗಿಸಿರಲಿಲ್ಲ. ಆದರೂ ಶಾಂತಲಾ ಸಿಸ್ಟರನ್ನು ಹುಡುಕಿ ಹೇಳಿದಳು. ಮಕ್ಕಳ ಡಾಕ್ಟರು ಕೂಸನ್ನು ನೋಡಿ ಸದ್ಯಕ್ಕೆ ತೊಂದರೆಯಿಲ್ಲ ಅಂದರು. ಹಾಲು ಬಿಟ್ಟರೆ, ಮೈ ಬಿಸಿಯಾದರೆ, ಜೋಲು ಬಿದ್ದರೆ, ಮೈಮೇಲೆ ಒಂದೇ ಒಂದು ಗುಳ್ಳೆ ಕಂಡರೂ ಗಳಿಗೆ ಕಾಯದೆ ಕರೆತರಬೇಕು ಅಂದರು. ಇವಳಿಗೆ ಮುಲಾಮು ಕೊಟ್ಟರು. ‘ಹಕ್ಕಳೆ ತಾನಾಗೇ ಉದುರಿ ಚರ್ಮ ಸಾಫ್ ಆಗೋ ತನಕ ದೂರ ಇರ್ರಿ’ ಅಂದಳು ಶಾಂತಲಾ.

‘ಎಷ್ಟು ದಿನ?’

‘ನಿಮಗೇ ಗೊತ್ತಲ್ಲ.’

ಗೊತ್ತಿತ್ತು. ಅದೇ ಕಷ್ಟ. ಸಾವಂತ್ರಮ್ಮನದು ಎರಡು ಕೋಣೆಯ ತಗಡಿನ ಮನೆ, ಏಪ್ರಿಲ್‌ನಲ್ಲಿ ಒಲೆಯಂತೆ ಕಾಯುತ್ತದೆ. ಹದಿಮೂರನೇ ದಿನ ಹೆಸರಿಟ್ಟು, ಅವತ್ತೇ ತಾಯಿ ಮಗುವನ್ನು ಹೊನ್ನಾಳಿಯ ಆರ್‌ಸಿಸಿ ಮನೆಗೆ ಕರೆದೊಯ್ಯುವುದು ಅಂತ ಬೀಗರ ಜೊತೆ ಮೊದಲೇ ಮಾತಾಗಿತ್ತು. ಇವಳ ಕಾಲಿನ ಮೇಲೆ ಕೂಸು ಮಲಗಲು ಇದ್ದದ್ದು ಅಷ್ಟೇ ದಿನ. ಅಷ್ಟನ್ನೂ ಗುಳ್ಳೆ ತಿನ್ನಲು ಕೂತಿತ್ತು.

ತಾಯಿ ಮಗು ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ಸಾವಂತ್ರಮ್ಮ ಹೊರಗಿನ ಕಟ್ಟೆಗೆ ಹಾಸಿಗೆ ಹಾಕಿಕೊಂಡಳು. ತಟ್ಟೆ, ಲೋಟ, ಟವೆಲ್ಲು ಬೇರೆ. ಎರೆಯಲು ತಿಪ್ಪಮ್ಮ ಬಂದಳು. ಇವಳಿಂದಲೇ ಕೆಲಸ ಕಲಿತವಳು, ಒರಟು ಕೈ. ಒಳಗೆ ಚೊಂಬಿನ ಸದ್ದಾದರೆ ಸಾಕು, ಇವಳು ಬಚ್ಚಲ ಗೋಡೆಗೆ ಕಿವಿ ಹಚ್ಚುತ್ತಿದ್ದಳು.

‘ತಿಪ್ಪೀ, ನೀರು ಎತ್ತರದಿಂದ ಹುಯ್ಯಬ್ಯಾಡ.’

‘ಗೋಡೆ ಆಚಿಂದ ಕಾಣ್ತೈತೇನಕ್ಕ ನಿಂಗೆ?’

‘ಸಪ್ಪಳ ಕೇಳ್ತೈತೆ. ಮೂಗಿಗೆ ಊದಬ್ಯಾಡ, ಬಟ್ಟೇಲಿ ಒರೆಸು.’

‘ನೀನೇ ಕಲಿಸಿದ್ದು ಊದಾಕೆ.’

‘ಈಗ ನಾನೇ ಬಿಡಿಸ್ತಿದೀನಿ.’

ಕೂಸು ಅತ್ತರೆ ಒಳಗೆ ಹೋಗುವಂತಿಲ್ಲ. ಐದನೇ ದಿನ ಅವಳಿಗೊಂದು ಉಪಾಯ ಹೊಳೆಯಿತು. ಜಂತಿಗೆ ಕಟ್ಟಿದ ಸೀರೆಯ ತೊಟ್ಟಿಲಿಗೆ ನೂಲಿನ ಹಗ್ಗ ಕಟ್ಟಿಸಿ, ಕಿಟಕಿಯ ಸರಳಿನ ಸಂದಿಯಿಂದ ಕಟ್ಟೆಗೆ ಎಳೆದುಕೊಂಡಳು. ಕಟ್ಟೆಯ ಮೇಲೆ ಕೂತು ಹಗ್ಗ ಜಗ್ಗುವುದು, ಬಿಡುವುದು. ಒಳಗೆ ತೊಟ್ಟಿಲು ತೂಗುತ್ತಿತ್ತು. ಹಗ್ಗ ತುಸು ಅದುರಿದರೆ ಕೂಸು ಕಾಲು ಝಾಡಿಸಿತು ಅಂತ ತಿಳಿಯುತ್ತಿತ್ತು, ಹಗುರಾದರೆ ಸುನೀತಾ ಎತ್ತಿಕೊಂಡಳು ಅಂತ. ಹನ್ನೆರಡು ಅಡಿ ಹಗ್ಗದ ಆ ತುದಿಯಲ್ಲಿ ಮೊಮ್ಮಗಳು, ಈ ತುದಿಯಲ್ಲಿ ಅಜ್ಜಿ. ಹಾದಿಯಲ್ಲಿ ಹೋಗುವವರು, ‘ಏನಕ್ಕ, ನೀರು ಸೇದ್ತೀಯಾ?’ ಅಂತ ನಗುತ್ತಿದ್ದರು. ಊಟದ ಹೊತ್ತಿಗೂ ಅವಳು ಹಗ್ಗ ಬಿಡುತ್ತಿರಲಿಲ್ಲ, ಕಾಲ ಹೆಬ್ಬೆರಳಿಗೆ ಸುತ್ತಿಕೊಂಡು ಉಣ್ಣುತ್ತಿದ್ದಳು.

ಹನ್ನೆರಡನೇ ದಿನ ಸಂಜೆ ಕನ್ನಡಿ ಹಿಡಿದು ನೋಡಿದಳು. ಹತ್ತು ದಿನ ತುಂಬಿದರೂ ಈ ಸಲ ಹಕ್ಕಳೆಯ ಒಂದು ಅಂಚು ಮಾತ್ರ ಎದ್ದಿತ್ತು, ಇನ್ನೊಂದು ಅಂಟಿಕೊಂಡೇ ಇತ್ತು. ಉಗುರು ತಾಗಿಸಿದರೆ ಸಾಕು, ಬರುತ್ತದೆ. ಉದುರಿತು ಅಂತ ಹೇಳಿದರೆ ಯಾರು ಹತ್ತಿರ ಬಂದು ನೋಡುತ್ತಾರೆ? ನಾಳೆ ಬೆಳಿಗ್ಗೆ ಒಂದೇ ಒಂದು ಸಲ ಎರೆಯಬಹುದು. ಬೆರಳು ಮೂಗಿನ ತನಕ ಹೋಗಿತ್ತು. ಕಿತ್ತ ಹಕ್ಕಳೆಯ ಕೆಳಗೆ ಹಸಿ ಗಾಯ ಇರುತ್ತದೆ ಅನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎದ್ದುಹೋಗಿ ಸೋಪು ಹಾಕಿ ಕೈ ತೊಳೆದಳು. ಮತ್ತೆ ಕನ್ನಡಿ ಮುಟ್ಟಲಿಲ್ಲ.

ಸುನೀತಾ ಬಾಗಿಲಿಗೆ ಬಂದಳು. ‘ಅವ್ವಾ, ಮಾಸ್ಕ್ ಹಾಕ್ಕೊಂಡು ಒಂದ್ಸಲ ಎತ್ಕೋ. ಏನಾಗಲ್ಲ.’

‘ಬ್ಯಾಡ. ಕೈಗೆ ಬಂದ್ರೆ ಮುಖ ಸುಮ್ನಿರಲ್ಲ. ಐವತ್ತಾರು ವರ್ಷದ ಮುಖ ಅದು, ಅದರ ಚಟ ನಂಗೊತ್ತು.’

ಹೆಸರಿಡುವ ದಿನ ಬೀಗರು ಬಂದರು. ಕೂಸು ಕೈಯಿಂದ ಕೈಗೆ ಹೋಗುತ್ತಿತ್ತು. ಸಾವಂತ್ರಮ್ಮ ಬಾಗಿಲ ಹೊರಗೆ. ಬೀಗತಿ ಅಜ್ಜಮ್ಮ ಎಲ್ಲರಿಗೂ ಕೇಳುವಂತೆ, ‘ಊರ ಕೂಸಂದ್ರೆ ಪ್ರಾಣ ಬಿಡ್ತಾರೆ, ಮಗಳ ಕೂಸಿಗೆ ಅಷ್ಟು ದೂರ. ಹೆಣ್ಣು ಅಂತ ಬ್ಯಾಸರವೇನೋ’ ಅಂದಳು. ಅಷ್ಟರಲ್ಲಿ ಅಜ್ಜಮ್ಮನ ತಮ್ಮ ಮರುಳಪ್ಪ ಕೂಸನ್ನು ಎತ್ತಿಕೊಂಡು ಕೆನ್ನೆಗೆ ಮುಖ ತರುತ್ತಿದ್ದ.

‘ಮರುಳಪ್ಪಣ್ಣ, ನಿಲ್ಲು. ತುಟಿ ಮ್ಯಾಲೆ ಏನದು?’

‘ಇದಾ? ಹಲ್ಲಿ ಉಚ್ಚೆ ಹೊಯ್ದೈತೆ.’

‘ಹಲ್ಲಿಗೆ ಅಷ್ಟು ದೊಡ್ಡ ಊರಾಗೆ ನಿನ್ನ ತುಟೀನೇ ಬೇಕಾಯ್ತಾ? ಕೂಸು ಕೊಡು ಸುನೀತಾನ ಕೈಗೆ. ನಿಂದೂ ನಂದೂ ಒಂದೇ ರೋಗ. ನಾನು ಹನ್ನೊಂದು ದಿನದಿಂದ ಕಟ್ಟೆ ಮ್ಯಾಲೆ ಬಿದ್ದಿರೋದು ಗಾಳಿ ತಗೊಳಾಕಲ್ಲ.’

ಸುನೀತಾ ಎಲ್ಲ ಬಿಡಿಸಿ ಹೇಳಿದಳು. ಮರುಳಪ್ಪ ಕೂಸು ಕೊಟ್ಟು ಕೈ ತೊಳೆಯಲು ಹೋದ. ಅಜ್ಜಮ್ಮ ಕಿಟಕಿಯಿಂದ ಹಾದುಹೋಗಿದ್ದ ಹಗ್ಗವನ್ನು ನೋಡಿದಳು, ಅದರ ಗುಂಟ ನಡೆದು ಹೊರಗೆ ಬಂದಳು. ‘ನಂಗೊತ್ತಿರಲಿಲ್ಲ ಕಣ್ರಿ’ ಅಂದಳು. ಸಾವಂತ್ರಮ್ಮ, ‘ಎಣ್ಣೆ ಬಿಸಿ ಮಾಡಿ ಹಚ್ಚಿಸ್ರಿ. ಬಿಸಿನೀರು ಮೊಣಕೈಗೆ ಬಿಟ್ಟು ನೋಡ್ರಿ’ ಅಂದಳು. ಮಧ್ಯಾಹ್ನ ಕಾರು ಹೊರಟಿತು. ಗಾಜಿನೊಳಗಿಂದ ಸುನೀತಾ ಕೂಸಿನ ಕಾಲು ಎತ್ತಿ ತೋರಿಸಿದಳು. ಅಂಗೈಯಷ್ಟೂ ಇರಲಿಲ್ಲ.

ಹಗ್ಗ ಎರಡು ದಿನ ಹಾಗೇ ಇತ್ತು. ಸಾವಂತ್ರಮ್ಮ ಒಮ್ಮೊಮ್ಮೆ ಜಗ್ಗಿ ನೋಡುತ್ತಿದ್ದಳು. ಖಾಲಿ ತೊಟ್ಟಿಲು ಬಲು ಸಲೀಸಾಗಿ ತೂಗುತ್ತಿತ್ತು.

ಮೂರನೇ ದಿನ ಮುಖ ತೊಳೆಯುವಾಗ ಹಕ್ಕಳೆ ಅಂಗೈಗೆ ಬಂತು. ಎಳ್ಳಿನ ಸಿಪ್ಪೆಯಷ್ಟು. ಅವಳು ಅದನ್ನು ಬಹಳ ಹೊತ್ತು ನೋಡಿದಳು, ಬಚ್ಚಲಿಗೆ ಬಿಟ್ಟು ಕೈ ತೊಳೆದಳು. ಇನ್ನೂ ಎರಡು ದಿನ ಕಾದು ಶಾಂತಲಾಗೆ ಮೂಗು ತೋರಿಸಿ ಬಂದಳು. ಆಮೇಲೆ ಟ್ರಂಕಿನಲ್ಲಿ ಉಳಿದಿದ್ದ ಬಟ್ಟೆ, ಹರಳೆಣ್ಣೆ ಸೀಸೆ ಚೀಲಕ್ಕೆ ಹಾಕಿಕೊಂಡು, ಸೆರಗು ಮುಖದ ಮುಂದಕ್ಕೆ ಎಳೆದು ಹೊನ್ನಾಳಿ ಬಸ್ಸು ಹತ್ತಿದಳು. ಆ ಮೊದಲ ಹದಿನೆಂಟು ದಿನ ಮಾತ್ರ ಯಾವ ಬಸ್ಸಿನಲ್ಲೂ ವಾಪಸು ಬರುವುದಿಲ್ಲ. ಕೂಸಿಗಾಗಿ ಅವಳು ಕೊಟ್ಟದ್ದು ಅದನ್ನೇ.

ಮೊಮ್ಮಗಳಾದ್ದರಿಂದ ಕೊಟ್ಟಳು ಅನ್ನಬೇಡಿ. ಬೆನಕಪ್ಪನ ಮೊಮ್ಮಗನಿಗೂ ಕೊಟ್ಟಿದ್ದಳು. ಅಲ್ಲಿ ಅವಳನ್ನು ಹೊರಗೆ ಹಾಕಿದರು. ಹೇಳಿದವಳ ಕೂಲಿ ಕತ್ತರಿಸಿದರೆ ಮುಂದಿನವಳು ಹೇಳುವುದಿಲ್ಲ, ಮೂಗಿಗೆ ಪೌಡರ್ ಮೆತ್ತಿಕೊಂಡು ಬಂದು ನಿಮ್ಮ ಕೂಸಿನ ಮುಖಕ್ಕೆ ಊದಿ ಹೋಗುತ್ತಾಳೆ. ಹೊಟ್ಟೆ ಇರುವವರೆಲ್ಲ ಹಾಗೇ ಮಾಡುತ್ತಾರೆ. ಆದ್ದರಿಂದ ಇದನ್ನು ಓದುತ್ತಿರುವ ನಿಮ್ಮನ್ನೇ ಕೇಳುವುದು: ಮನೆಗೆ ಎರೆಯುವವಳು ಬಂದು ನನಗೆ ಗುಳ್ಳೆ ಎದ್ದಿದೆ, ಹತ್ತು ದಿನ ಬರುವುದಿಲ್ಲ ಅಂದರೆ, ಆ ಹತ್ತು ದಿನದ ಕೂಲಿಯನ್ನು ಅವತ್ತೇ ಅವಳ ಕೈಗೆ ಕೊಡಿ, ಹಕ್ಕಳೆ ಉದುರಿದ ಮೇಲೆ ಮತ್ತೆ ಅವಳನ್ನೇ ಕರೆಯಿರಿ.