ಹಗೇವಿನೊಳಗೆ ಮಾವ, ಗುಡ್ಡದ ಮೇಲೆ ನೀರು

ಸ್ವಲ್ಪ ತಾಳಿ, ಇದನ್ನು ಓದಿಯೇ ಪುಟ ತಿರುಗಿಸಿ.

1943ರ ಆಷಾಢ. ಯುದ್ಧದ ಕಾಲ, ಸೀಮೆಎಣ್ಣೆಗೆ ಪರದಾಟ. ಹೊಳೆನರಸೀಪುರದ ಹತ್ತಿರದ ನಮ್ಮೂರಲ್ಲಿ ಹಗಲೆಲ್ಲ ಜೋರು ಗಾಳಿ, ದೀಪ ಬೇಕಾದ ಸಂಜೆಗೆ ನಿಂತುಹೋಗುತ್ತಿತ್ತು. ಹಗಲಿನ ಗಾಳಿಯನ್ನು ಸಂಜೆಗೆ ಎತ್ತಿಡುವ ಹುಚ್ಚು ನನಗೆ ಹಿಡಿಯಿತು. ಡಬ್ಬದ ತಗಡು ಕತ್ತರಿಸಿ ಗಾಳಿಚಕ್ರ ಮಾಡಿ ಹಳೇ ಪಂಪಿಗೆ ಜೋಡಿಸಿದೆ. ಅದು ಕಟ್ಟೆಯ ನೀರನ್ನು ಗುಡ್ಡದ ಮೇಲಿನ ಬಂಡೆಯ ದೊಣೆಗೆ, ಅಂದರೆ ಕಲ್ಲಿನ ಹೊಂಡಕ್ಕೆ, ಏರಿಸುತ್ತಿತ್ತು. ಸಂಜೆ ಆ ನೀರನ್ನು ಕೊಳವೆಯಲ್ಲಿ ಇಳಿಸಿದರೆ ಕೆಳಗೊಂದು ಚಕ್ರ ತಿರುಗಿ, ಸೈಕಲ್ ಡೈನಮೋದ ಬಲ್ಬು ಉರಿಯುತ್ತಿತ್ತು! ದೊಣೆಯ ತಗ್ಗು ಅಂಚಿಗೆ ಮಣ್ಣಿನ ಏರಿ ಹಾಕಿ, ಹೆಚ್ಚಾದ ನೀರು ಹಿಂಬದಿಗೆ ಹೋಗಲಿ ಎಂದು ಕೋಡಿ ಬಿಟ್ಟಿದ್ದೆ.

ನನ್ನನ್ನು ಸಾಕಿದ ಸೋದರಮಾವನಿಗೆ ಇದೆಲ್ಲ ತಮಾಷೆ. “ರಾಗಿ ಕೂಡಿಡೋರ್ನ ಕಂಡಿವ್ನಿ, ಗಾಳಿ ಕೂಡಿಡೋನ್ನ ನಿನ್ನೇ ಕಣ್ಲಾ ಕಂಡಿದ್ದು!”

ಆವತ್ತು ಮಾವ ಗುಡ್ಡದ ಬುಡದ ನಮ್ಮ ಹಗೇವು ತೆಗೆದಿದ್ದರು. ನೆಲದೊಳಗೆ ರಾಗಿ ತುಂಬಿಡುವ ಆಳದ ಗುಂಡಿ ಅದು, ಬಾಯಿ ಒಬ್ಬರು ಇಳಿಯುವಷ್ಟೇ. ಮಾವ ಒಳಗಿಳಿದು ಕುಕ್ಕೆಗೆ ತುಂಬುತ್ತಿದ್ದರು, ಅತ್ತೆ ಹಗ್ಗದಲ್ಲಿ ಎಳೆದು ಚೀಲಕ್ಕೆ ಸುರಿಯುತ್ತಿದ್ದರು.

ಗಾಳಿ ರೊಯ್ಯನೆ ಬೀಸುತ್ತಿತ್ತು. ಗುಡ್ಡ ಹತ್ತಿ ನೋಡುತ್ತೇನೆ, ದೊಣೆ ತುಂಬಿ ಏರಿಯ ಮೇಲೇ ನೀರು ಹರಿಯುತ್ತಿದೆ. ಕೋಡಿಯಲ್ಲಿ ಒಂದು ಹನಿಯಿಲ್ಲ! ನೀರು ಇಳಿದುಹೋಗಲಿ ಎಂದು ಕೊಳವೆಯ ಬಾಯಿಗೆ ಬಡಿದಿದ್ದ ಮರದ ಬೆಣೆ ಕೀಳಲು ಹೋದೆ. ನೆನೆದು ಉಬ್ಬಿ ಅಲ್ಲಾಡಲೂ ಇಲ್ಲ. ಕಣ್ಣೆದುರೇ ಏರಿಯ ಒಂದು ಹೆಂಟೆ ಕಳಚಿತು. ನೇರ ಕೆಳಗೆ ಹಗೇವಿನ ಬಾಯಿ.

“ಅತ್ತೇ, ನೀರು ಬರ್ತೈತೆ! ಮಾವನ್ನ ಎಳೀರಿ!”

ಗಾಳಿ ನನ್ನ ಕೂಗನ್ನು ಹಿಂದಕ್ಕೇ ತಳ್ಳಿತು. ಅತ್ತೆ ತಲೆ ಎತ್ತಲಿಲ್ಲ. ಬಿದ್ದು ಎದ್ದು ಓಡಿದೆ. ನನಗಿಂತ ಮೊದಲೇ ಕೆಂಪು ನೀರು ಅವರ ಪಾದ ಮುಟ್ಟಿತ್ತು. ಅವರು ತುಂಬಿದ ರಾಗಿ ಚೀಲವನ್ನೇ ದರದರ ಎಳೆದು ಬಾಯಿಗೆ ಅಡ್ಡ ಹಾಕಿದರು.

“ಏನ್ ನಿಂತ್ಕಂಡು ನೋಡ್ತೀಯ? ಎಳಿಯೋ ಇನ್ನೊಂದ್ ಚೀಲವ!”

ಒಳಗಿಂದ ಮಾವನ ದನಿ: “ಯಾವನ್ಲಾ ಅವ್ನು ನೀರು ಉಯ್ಯೋನು?”

ಹಗ್ಗ ಒಳಗೆ ಇಳಿಬಿಟ್ಟು, ಇಬ್ಬರೂ ಮೈಯ ಬಲವೆಲ್ಲ ಹಾಕಿ ಮಾವನನ್ನು ಎಳೆದೆವು. ಮಾವನ ಮೊಣಕಾಲು ಅಂಚಿಗೆ ಬಂದಿತ್ತಷ್ಟೇ, ಗುಡ್ಡದ ಮೇಲಿನ ಏರಿ ಪೂರ್ತಿ ಒಡೆಯಿತು. ನೀರು ಚೀಲಗಳನ್ನು ನೂಕಿಕೊಂಡು ಗುಳುಗುಳು ಎಂದು ಹಗೇವಿಗೆ ನುಗ್ಗಿತು.

ಏಟಿಗೆ ಕಾದು ನಿಂತೆ. ಮಾವ ಏದುಸಿರು ಬಿಡುತ್ತಾ ಗುಡ್ಡವನ್ನೇ ನೋಡಿದರು.

“ಕೋಡೀಲಿ ನೀರೇ ಓಗ್ಲಿಲ್ಲ ಮಾವ,” ಅಂದೆ.

“ಎಂಗೋದಾದು? ಬೆಳಿಗ್ಗೆ ನಾನೇ ಜೇಡಿಮಣ್ಣು ಮೆತ್ತಿ ಮುಚ್ಚಿದ್ದೆ. ನೀರು ಸುಮ್ಕೆ ಅರ್ದೋಯ್ತಿತ್ತು ಕಣ್ಲಾ… ನಿನ್ ದೀಪ ಇನ್ನೊಂದ್ ಗಳಿಗೆ ಉರೀಲಿ ಅಂತ.”

ಅತ್ತೆ ಹಣೆ ಚಚ್ಚಿಕೊಂಡರು. “ಗಾಳಿ ಕೂಡಿಡೋರು ಇಬ್ರಾದ್ರಲ್ಲಪ್ಪ!”

ನೆಂದ ರಾಗಿ ಮೊಳಕೆ ಬಂತು. ಎಷ್ಟೋ ದಿನ ನಮಗೆ ಮೊಳಕೆ ರಾಗಿ ಅಂಬಲಿಯೇ ಗತಿ. ಈಗ ಏರಿ ಕಲ್ಲಿನದು, ಕೋಡಿ ಎರಡು. ಸಂಜೆ ಬಲ್ಬು ಹೊತ್ತಿದಾಗ ಮಾವ ಪಕ್ಕದಲ್ಲಿ ಬೀಡಿ ಸೇದುತ್ತಾ ಕೂರುತ್ತಾರೆ. ದೀಪ ಆರುವ ತನಕ ಏಳುವುದಿಲ್ಲ.

ಗೇಲಿ ಮಾಡುತ್ತಲೇ ನಿಮ್ಮ ಬೆನ್ನಿಗೆ ನಿಂತವರು ಇದ್ದಾರೆಯೇ? ನೀವೂ ಬರೆಯಿರಿ, ನಾನು ಮಾವನಿಗೆ ಓದಿ ಹೇಳುತ್ತೇನೆ.