ಕೊಲ್ಹಾರದ ದಾರಿಯಲ್ಲಿ ಪಟಪಟ ಸದ್ದು

ಇದನ್ನು ಹೇಳುವುದನ್ನು ವರ್ಷಗಟ್ಟಲೆ ಮುಂದೂಡಿದ್ದೇನೆ. ಈಗ ಕೊಲ್ಹಾರದ ಹತ್ತಿರ, ಹೆದ್ದಾರಿಯ ಬದಿಯಲ್ಲಿ ಕೂತು ಬರೆಯುತ್ತಿದ್ದೇನೆ.

ವೇಗ ಎಂಬತ್ತು ದಾಟಿದೊಡನೆ ಕಾರಿನ ಎಡಗಡೆಯಿಂದ ಪಟಪಟ ಸದ್ದು ಶುರುವಾಯಿತು. ಓಡಿಸುತ್ತಿದ್ದ ಮಗಳು ಸುನಂದಾ ಸಿಟ್ಟಾದಳು. “ನಿನ್ನೆ ಗಾಲಿ ಬಿಚ್ಚಿದ ಮಿಸ್ತ್ರಿ ನಟ್ ಬಿಗಿ ಮಾಡಿಲ್ಲಪ್ಪಾ. ಫೋನ್ ಹಚ್ಚು, ಅವನ ಮಾನ ಕಳೀತೇನಿ.”

“ಮೊದಲ ನ್ಯೂಟ್ರಲ್‌ಗೆ ಹಾಕವ್ವಾ.”

ಎಂಜಿನ್ ಮೊರೆತ ತಗ್ಗಿದರೂ ಪಟಪಟ ಸದ್ದು ನಿಲ್ಲಲಿಲ್ಲ, ಗಾಲಿಯ ಜೊತೆಗೇ ನಿಧಾನವಾಯಿತು.

“ಎಂಜಿನ್ ಅಲ್ಲ. ನಟ್ಟೂ ಅಲ್ಲ, ಬಡಿತ ಹಗುರ ಐತಿ. ತೊಗರಿ ಕಟಗಿ ಸಿಕ್ಕೈತಿ.”

ಇಳಿದು ಸ್ಪ್ಯಾನರ್ ಹಾಕಿ ನೋಡಿದೆ. ಒಂದು ನಟ್ಟೂ ಅಲುಗಲಿಲ್ಲ. ಗಾಲಿಯ ಮೇಲೆ ಕೈ ತೂರಿಸಿ ತೊಗರಿ ಕಡ್ಡಿಗಳನ್ನು ಎಳೆದೆ. ತಾಳಿಕೋಟೆ ಕಡೆ ರೈತರು ಗಾಡಿ ಹರಿದು ಕಾಳು ಉದುರಲೆಂದು, ರಾಶಿಗೆ ರಸ್ತೆಯ ಮೇಲೆ ಹಾಸಿದ್ದನ್ನು ತುಳಿದು ಬಂದಿದ್ದೆವು. ಅಷ್ಟು ಬಡಿತ ತಿಂದರೂ ಕಡ್ಡಿಯಲ್ಲಿ ಒಂದು ಕಾಯಿ ಒಡೆಯದೆ ಉಳಿದಿತ್ತು.

“ನೋಡದ ಹೆಂಗ ಹೇಳಿದಿ?”

ಹೇಳಿಬಿಟ್ಟೆ. ಹಿಂದೊಮ್ಮೆ ಇಂಥದೇ ಸದ್ದಿಗೆ ಸಿಂದಗಿಯ ಮಿಸ್ತ್ರಿಯೊಬ್ಬನನ್ನು ಸಂತೆಯ ಜನರೆದುರು ಕೆಲಸಗಳ್ಳ ಎಂದು ಬೈದು ಕಪಾಳಕ್ಕೆ ಹೊಡೆದಿದ್ದೆ. ಅವನಿಗೆ ಗಿರಾಕಿಗಳು ತಪ್ಪಿದರು. ಮನೆಯಲ್ಲಿ ಗಾಲಿಯೊಳಗೆ ಕಡ್ಡಿ ಸಿಕ್ಕಾಗ ಒಲೆಗೆ ಹಾಕಿ ಬಾಯಿ ಮುಚ್ಚಿಕೊಂಡೆ. ಕ್ಷಮೆ ಕೇಳಲು ಹೋಗಲೇ ಇಲ್ಲ.

ಸುನಂದಾ ನನ್ನ ಕೈಯಿಂದ ಕಡ್ಡಿಗಳನ್ನು ತೆಗೆದುಕೊಂಡಳು. ಆಮೇಲೆ, “ಯಾರಪ್ಪಾ ಅಂವಾ?” ಎಂದಳು.

“ಸಿದ್ದಪ್ಪ,” ಎಂದೆ. “ಬಸ್‌ಸ್ಟ್ಯಾಂಡ್ ಹಿಂದಿನ ಸಿದ್ದಪ್ಪ ಮಿಸ್ತ್ರಿ.”