ಜೂನ್ ಒಂದರ ಗುರುಬಲ

ಕಳೆದ ಗುರುವಾರ ನಾನಿನ್ನೂ ಹಲ್ಲುಜ್ಜಿರಲಿಲ್ಲ, ಅಕ್ಕನ ಫೋನ್ ಬಂತು.

"ಗುರು ನಾಲ್ಕನೇ ಮನ್ಯಾಗ ಕುಂತಾನಂತ. ಅಂವ ಎದ್ದು ಐದನೇ ಮನಿಗಿ ಹೋಗೋತನಕ ಮದುವಿ ಬ್ಯಾಡ ಅಂತಾರ."

ನಿದ್ದೆಗಣ್ಣಲ್ಲಿ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೂತಿದ್ದು ಆಕಾಶದ ಗುರು. ನಿಂತುಹೋಗಿದ್ದು ಅಕ್ಕನ ಮಗಳು ಸುನಂದಾಳ ಮದುವೆ.

ಸುನಂದಾ ಕೂಡ್ಲಿಗಿಯಲ್ಲಿ ಲ್ಯಾಬ್ ಟೆಕ್ನೀಷಿಯನ್. ಇಪ್ಪತ್ತೆಂಟು ವರ್ಷ. ನೋಡಲು ಬಂದವರಿಗೆಲ್ಲ ಉಪ್ಪಿಟ್ಟು ಮಾಡಿ ಮಾಡಿ ಕಾನಹೊಸಹಳ್ಳಿಯ ಅಕ್ಕನ ಮನೆಯಲ್ಲಿ ರವೆಯ ಡಬ್ಬಿಗೇ ಬೇಸರ ಬಂದಿತ್ತು. ಕೊನೆಗೆ ಮಾಗಳದ ಮಂಜುನಾಥ ಬಂದ. ಹಡಗಲಿಯಲ್ಲಿ ಸರ್ಕಾರಿ ಕೆಲಸ. ಅವಳು ಒಪ್ಪಿದಳು, ಅವನು ಒಪ್ಪಿದ, ದೊಡ್ಡವರು ಎಲೆ ಅಡಿಕೆ ಬದಲಿಸಿ ಮಾತು ಮುಗಿಸಿದರು. ಆಮೇಲೆ ಇಬ್ಬರೂ ದಿನಾ ಫೋನಿನಲ್ಲೇ. ನಮ್ಮ ಹುಡುಗಿ ಕನ್ನಡಿಯ ಮುಂದೆ ನಿಂತು ಹಾಡು ಗುನುಗುವುದನ್ನು ನಾನು ಮೊದಲ ಸಲ ಕೇಳಿದ್ದೇ ಆಗ. ಲಗ್ನದ ದಿನ ಗೊತ್ತುಮಾಡುವುದಷ್ಟೇ ಬಾಕಿ ಇತ್ತು.

ಅಷ್ಟರಲ್ಲಿ ಹುಡುಗನ ತಾಯಿ, ಹುಡುಗಿಗೆ ಗುರುಬಲ ಇದೆಯೇ ಎಂದು ಜೋಯಿಸರ ಹತ್ತಿರ ಕೇಳಿಸಿದ್ದಾರೆ. ಇಲ್ಲವಂತೆ. ಮುಂದಿನ ವರ್ಷ ನೋಡೋಣ ಎಂದರಂತೆ.

ಮುಂದಿನ ವರ್ಷ! ಹಾಗೆಂದರೆ ಏನೆಂದು ನಿಮಗೂ ಗೊತ್ತು, ನನಗೂ ಗೊತ್ತು. ಮಾತು ಮುಗಿದ ಮದುವೆ ವರ್ಷಗಟ್ಟಲೆ ನಿಂತರೆ ಜನ ಗ್ರಹದ ತಂಟೆಗೆ ಹೋಗುವುದಿಲ್ಲ. ಹುಡುಗಿಯಲ್ಲಿ ಏನು ಐಬು ಎಂದು ಕೇಳುತ್ತಾರೆ. ಈ ಸಂಬಂಧ ತಪ್ಪಿದರೆ ಮತ್ತೆ ಮೊದಲಿನಿಂದ ಉಪ್ಪಿಟ್ಟು.

ಗೊತ್ತಿಲ್ಲದವರಿಗೆ ಒಂದು ಮಾತು. ಹುಟ್ಟಿದಾಗ ಚಂದ್ರ ಎಲ್ಲಿದ್ದನೋ ಅದು ಜನ್ಮರಾಶಿ. ಅಲ್ಲಿಂದ ಎಣಿಸಿದರೆ ಈಗಿನ ಗುರು ಎರಡು, ಐದು, ಏಳು, ಒಂಬತ್ತು ಅಥವಾ ಹನ್ನೊಂದನೇ ಮನೆಯಲ್ಲಿರಬೇಕು. ಆಗ ಗುರುಬಲ. ನಾಲ್ಕರಲ್ಲಿದ್ದರೆ ಇಲ್ಲ. ಒಂದೊಂದು ಮನೆಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಇರುತ್ತಾನೆ. ಗ್ರಹಗಳಲ್ಲೆಲ್ಲ ಇವನೇ ಶುಭ. ಮದುವೆ, ಮಕ್ಕಳು, ವಿದ್ಯೆ, ಒಳ್ಳೆಯ ಬುದ್ಧಿ ಎಲ್ಲ ಇವನ ಇಲಾಖೆ. ಶನಿಯ ಕಾಟವಾಗಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಒಳ್ಳೆಯವನನ್ನೇ ಬಾಗಿಲಿಗೆ ಅಡ್ಡ ನಿಲ್ಲಿಸಿದರೆ ಯಾರನ್ನು ಬೈಯುವುದು? (ಗಂಡಿಗೆ ಗುರುಬಲ ಸ್ವಲ್ಪ ಕಡಿಮೆಯಿದ್ದರೂ ನಡೆಯುತ್ತದಂತೆ. ಅದ್ಯಾವ ಲೆಕ್ಕವೋ!)

"ಹುಟ್ಟಿದ ತಾರೀಖು ಯಾವುದು ಕೊಟ್ಟಿದ್ದಿ ಅವರಿಗೆ?" ಎಂದು ಅಕ್ಕನನ್ನು ಕೇಳಿದೆ.

"ಆಧಾರ್ ಕಾರ್ಡಿಂದು. ಜೂನ್ ಒಂದು."

ಹಣೆ ಚಚ್ಚಿಕೊಂಡೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆ ಒಂದು ತಲೆಮಾರೇ ಜೂನ್ ಒಂದಕ್ಕೆ ಹುಟ್ಟಿದೆ. ಮಗುವನ್ನು ಶಾಲೆಗೆ ಸೇರಿಸಲು ಹೋದ ಅಪ್ಪ ತಾರೀಖು ನೆನಪಿಲ್ಲ ಎಂದರೆ, ವಯಸ್ಸು ಹೊಂದುವ ಹಾಗೆ ಹೆಡ್‌ಮಾಸ್ಟರೇ ಒಂದು ಜೂನ್ ಒಂದನ್ನು ದಯಪಾಲಿಸುತ್ತಿದ್ದರು. (ನನ್ನದೂ ಅದೇ. ಅವತ್ತು ನನಗೆ ಬರುವ ಬರ್ತ್‌ಡೇ ಮೆಸೇಜುಗಳೆಲ್ಲ ನ್ಯಾಯವಾಗಿ ಆ ಹೆಡ್‌ಮಾಸ್ಟರಿಗೆ ಸೇರಬೇಕು.) ಸುನಂದಾ ಹುಟ್ಟಿದ್ದು ಮಳೆಗಾಲ ಮುಗಿದು ಶೇಂಗಾ ಕೀಳುವ ಕಾಲದಲ್ಲಿ; ತಾರೀಖು ಯಾರೂ ಬರೆದಿಡಲಿಲ್ಲ. ಬಾಣಂತಿಗೆ ನೀರು ಕಾಯಿಸಿದವಳು ನಾನೇ. ಚಂದ್ರನೋ ಎರಡೂಕಾಲು ದಿನಕ್ಕೊಮ್ಮೆ ರಾಶಿ ಬದಲಿಸುವವನು. ತಿಂಗಳುಗಟ್ಟಲೆ ತಪ್ಪಿದ ತಾರೀಖು ಹಿಡಿದು ಇವಳದು ಮೀನ ರಾಶಿ ಎಂದರೆ, ಆ ಮೀನ ಯಾರದು? ಹೆಡ್‌ಮಾಸ್ಟರದಾ?

ಭಾನುವಾರ ಅಕ್ಕನನ್ನು ಕರೆದುಕೊಂಡು ಮಾಗಳಕ್ಕೆ ಹೋದೆ. ನನ್ನ ಬಾಯಿ ನಿಮಗೆ ಗೊತ್ತೇ ಇದೆ. ದಾರಿಯುದ್ದಕ್ಕೂ ಅಕ್ಕ, "ಸ್ವಲ್ಪ ತಗ್ಗಿ ಮಾತಾಡು" ಎನ್ನುತ್ತಲೇ ಇದ್ದಳು.

"ಹುಡುಗಿ ಬ್ಯಾಡ ಅಂದಿಲ್ರಿ ನಾವು," ಎಂದರು ಹುಡುಗನ ತಾಯಿ. "ಗುರುಬಲ ಇಲ್ದ ಹ್ಯಾಂಗ ಮಾಡೋದ್ರಿ ಬೀಗರ?"

ಜೂನ್ ಒಂದರ ಕಥೆ ಹೇಳಿದೆ. ಅವರು ತಮ್ಮ ಜೋಯಿಸರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಪುಣ್ಯಾತ್ಮ, ತಡಮಾಡದೆ ಹೇಳಿದರು: "ಹುಟ್ಟಿದ ದಿನ ಖಚಿತ ಇಲ್ಲ ಅಂದ್ರ ಹೆಸರಿನ ಮ್ಯಾಲೆ ನೋಡಬೇಕವ್ವ. ಸುನಂದಾ ಅಂದ್ರ ಕುಂಭ. ಗುರು ಐದರಾಗ ಅದಾನ. ಬಲ ಐತಿ. ಈ ವರ್ಷನ ಮಾಡ್ರಿ."

ಅಕ್ಕ ಫೋನಿಗೇ ಕೈ ಮುಗಿದಳು. ಮುಗಿಯಿತಲ್ಲ ಎಂದುಕೊಂಡೆ. ಎಲ್ಲಿ ಮುಗಿಯುತ್ತದೆ?

"ಹೆಸರು ಯಾರು ಬೇಕಾದ್ರೂ ಇಡ್ತಾರ್ರಿ," ಎಂದರು ತಾಯಿ. "ಆಧಾರ್ ಗೌರ್ಮೆಂಟ್ ಕೊಟ್ಟದ್ದು. ಅದು ಸುಳ್ಳು ಹ್ಯಾಂಗ ಆಕ್ಕೈತಿ?"

ಹೇಳಿ, ಇದಕ್ಕೆ ನೀವಾದರೂ ಏನು ಉತ್ತರ ಕೊಡುತ್ತಿದ್ದಿರಿ? ರೇಷನ್ನಿಗೆ ಆಧಾರ್, ಸಿಮ್ಮಿಗೆ ಆಧಾರ್. ಈಗ ಗುರುವಿಗೂ ಆಧಾರ್ ಲಿಂಕ್ ಆಗಿದೆ. ನಾನು ದನಿ ಎತ್ತಿದೆ. ಅಕ್ಕ ನನ್ನ ಸೆರಗು ಜಗ್ಗಿದಳು.

ಆಗ ಅವರ ದನಿ ತಗ್ಗಿತು. ಒಳಗೆ ಚಹಾ ಸೋಸುತ್ತಿದ್ದ ದೊಡ್ಡ ಮಗಳ ಕಡೆ ನೋಡಿದರು.

"ಹಟಕ್ಕ ಮಾಡಾಕತ್ತಿಲ್ರಿ ನಾನು. ಇಕಿದು ಗುರುಬಲ ಇಲ್ದಾಗ ಮಾಡಿದ್ವಿ. ವರ್ಷ ತುಂಬೋದ್ರಾಗ ವಾಪಸ್ ಬಂದು ಕುಂತಾಳ. ಅಳಿಯ ಕುಡುಕ. ಅವರ ಊರಾಗ ಎಲ್ಲಾರಿಗೂ ಗೊತ್ತಿತ್ತಂತ್ರಿ. ನಮಗ ಒಬ್ಬರೂ ಹೇಳಲಿಲ್ಲ."

ನನ್ನ ಸಿಟ್ಟು ಅರ್ಧ ಇಳಿಯಿತು. ಆ ಊರಿಗೆ ಹೋಗಿ ಒಂದು ಚಹಾದ ಅಂಗಡಿಯಲ್ಲಿ ವಿಚಾರಿಸಿದ್ದರೆ ಸಾಕಿತ್ತು. ವಿಚಾರಿಸದವರು ಮನುಷ್ಯರು, ಕೇಸು ಮಾತ್ರ ಗುರುವಿನ ಮೇಲೆ. ಆದರೆ ಪೆಟ್ಟು ತಿಂದ ತಾಯಿಗೆ ಅದನ್ನು ಹೇಳಲು ಮನಸ್ಸು ಬರಲಿಲ್ಲ. ಮಗಳು ಚಹಾ ಕೊಟ್ಟು, ನಮ್ಮ ಮುಖ ನೋಡದೆ ಒಳಗೆ ಹೋದಳು.

ಉಳಿದರ್ಧ ಸಿಟ್ಟು ಮಂಜುನಾಥನ ಕಡೆ ತಿರುಗಿತು. ಅಷ್ಟೂ ಹೊತ್ತು ಕಂಬಕ್ಕೆ ಒರಗಿ ಮೊಬೈಲ್ ತಿಕ್ಕುತ್ತಿದ್ದ.

"ನೀ ಏನಂತಿಯಪ್ಪ?"

"ಅವ್ವ ಹೆಂಗಂತಾಳೋ ಹಂಗ್ರಿ."

ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕನದು ಒಂದೇ ಜಪ. ಗುರುವಾರ ಸುನಂದಾಗೆ ಹಳದಿ ಸೀರೆ ಉಡಿಸಬೇಕು, ನವಗ್ರಹಕ್ಕೆ ಕಡಲೆಕಾಳಿನ ಹಾರ ಹಾಕಬೇಕು, ಗುರುಶಾಂತಿ ಮಾಡಿಸಿದರೆ ಅವರು ಒಪ್ಪಿಯಾರು. ನನಗೆ ರೇಗಿತು.

ಮನೆಯಲ್ಲಿ ಸುನಂದಾ ಎಲ್ಲವನ್ನೂ ಕೇಳಿಸಿಕೊಂಡು ನಮ್ಮೆದುರೇ ಅವನಿಗೆ ಫೋನ್ ಹಚ್ಚಿದಳು.

"ನಿಮ್ಮವ್ವಗ ಅಂಜಿಕಿ ಐತಿ, ಅದು ನನಗ ತಿಳಿತೈತಿ. ನಿಮಗೇನು ಐತಿ?" ಎಂದಳು. ಆ ಕಡೆಯಿಂದ ಏನೋ ಗೊಣಗಾಟ. "ಹಂಗಲ್ರಿ. ನನಗ ಈ ಹುಡುಗೀನ ಬೇಕು ಅಂತ ಅವ್ವಗ ಒಂದು ಮಾತು ಹೇಳ್ರಿ. ಅಷ್ಟ."

ಅವನ ಉತ್ತರ ಕೇಳಿ ಫೋನ್ ಇಟ್ಟಳು.

"ಏನಂದ?" ಎಂದೆ.

"ಗುರು ಬದಲಾಗ್ಲಿ, ಆಮ್ಯಾಲೆ ಹೇಳ್ತೀನಿ ಅಂದ್ರು."

ಅಕ್ಕ ಅಳಲು ಶುರು ಮಾಡಿದಳು. ಸುನಂದಾ ಅವಳ ಪಕ್ಕ ಕೂತಳು. "ಒಂದು ವರ್ಷ ಕಾಯಾಕ ನನಗೇನೂ ತ್ರಾಸಿಲ್ಲ ಚಿಗವ್ವ. ಆದ್ರ ಮದುವಿ ಆದ ಮ್ಯಾಲೂ ಎಲ್ಲಾದಕ್ಕೂ ಹಿಂಗ ಕಾಯಬೇಕಾಕ್ಕೈತಿ. ಬ್ಯಾಡ ಅಂತ ನೀನ ಹೇಳಿಬಿಡು." ಹೇಳುವಷ್ಟರಲ್ಲಿ ಅವಳ ದನಿಯೂ ಒಡೆಯಿತು. ಎಷ್ಟು ಇಷ್ಟಪಟ್ಟಿದ್ದಳು ಎಂದು ನನಗೆ ಆಗ ತಿಳಿಯಿತು.

ಹೇಳಿಬಿಟ್ಟೆ. ಆ ತಾಯಿ ಫೋನಿನಲ್ಲಿ ಅತ್ತರು.

ಹುಡುಗಿಗೆ ಗುರುಬಲ ಇದೆಯೇ ಎಂದು ಎಲ್ಲರೂ ಸೇರಿ ಆಕಾಶವನ್ನೆಲ್ಲ ಜಾಲಾಡಿದೆವು. ಹುಡುಗನಿಗೆ ಬಾಯಿ ಇದೆಯೇ ಎಂದು ಒಬ್ಬರಾದರೂ ಕೇಳಿದೆವಾ?